ನಿರಾಶ್ರಿತನ ಸಾಕ್ಷ್ಯ ಮತ್ತು ನಮ್ಮ ಕಣ್ಣೀರು

2012ರ ಜೂನ್‌ನಲ್ಲಿ ಮ್ಯಾನ್ಮಾರ್‌ನ ರಾಖೈನ್ ಪ್ರಾಂತ್ಯದಲ್ಲಿ ಹಿಂಸಾಚಾರ ಭುಗಿಲೆದ್ದು ರೋಹಿಂಗ್ಯಾ ಮುಸ್ಲಿಮರ ಕೇರಿಗಳು ಉರಿದುಹೋದವು. ಅದರ ಬೆನ್ನಿಗೇ ಒಂದು ಚಿತ್ರ ಜಗತ್ತಿನಾದ್ಯಂತ ಹರಿದಾಡಿತು. ಕಡುಗೆಂಪು ನಿಲುವಂಗಿಯ ಬೌದ್ಧ ಭಿಕ್ಷುಗಳು ನಿಂತಿದ್ದಾರೆ, ಅವರ ಕಾಲ ಬಳಿ ಸಾಲುಸಾಲಾಗಿ ಹೆಣಗಳು ಬಿದ್ದಿವೆ. ಬೌದ್ಧರು ನಡೆಸಿದ ಮುಸ್ಲಿಮರ ಮಾರಣಹೋಮ ಎಂಬ ಒಕ್ಕಣೆ ಅದರ ಕೆಳಗಿತ್ತು. ನಮ್ಮ ಊರುಗಳ ಮೊಬೈಲುಗಳಿಗೂ ಅದು ಬಂತು. ನೋಡಿದವರು ಕಣ್ಣೀರಿಟ್ಟರು, ಶಪಿಸಿದರು, ಹತ್ತು ಮಂದಿಗೆ ಕಳುಹಿಸಿದರು.

ಆದರೆ ಆ ಚಿತ್ರ ಮ್ಯಾನ್ಮಾರ್‌ನದ್ದಾಗಿರಲಿಲ್ಲ. 2010ರ ಎಪ್ರಿಲ್‌ನಲ್ಲಿ ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಯೂಶು ಎಂಬಲ್ಲಿ ಭೀಕರ ಭೂಕಂಪ ಸಂಭವಿಸಿತ್ತು. ಅಲ್ಲಿನ ಟಿಬೆಟನ್ ಭಿಕ್ಷುಗಳು ಅವಶೇಷಗಳಡಿಯಿಂದ ಹೆಣಗಳನ್ನು ಹೊರತೆಗೆದು ಅಂತ್ಯಸಂಸ್ಕಾರಕ್ಕೆ ಸಿದ್ಧಪಡಿಸುತ್ತಿದ್ದ ಹೊತ್ತಿನ ಚಿತ್ರವದು. ಸತ್ತವರ ಸೇವೆಯಲ್ಲಿ ತೊಡಗಿದ್ದವರನ್ನೇ ನಾವು ಕೊಲೆಗಾರರನ್ನಾಗಿ ಮಾಡಿದೆವು. ಪಾಕಿಸ್ತಾನದ ಆಂಗ್ಲ ಪತ್ರಿಕೆಯೊಂದರಲ್ಲೇ ಅದೇ ವರ್ಷದ ಜುಲೈಯಲ್ಲಿ ಈ ಸುಳ್ಳನ್ನು ಬಯಲಿಗೆಳೆಯಲಾಯಿತು. ಆದರೆ ಸುಳ್ಳನ್ನು ಹಂಚಿದವರಲ್ಲಿ ಎಷ್ಟು ಮಂದಿ ಈ ತಿದ್ದುಪಡಿಯನ್ನೂ ಹಂಚಿದರು?

ಮುಂದೆ ನಡೆದುದನ್ನು ಕನ್ನಡಿಗರಿಗೆ ನೆನಪಿಸಬೇಕಾಗಿಲ್ಲ. ಆ ಜುಲೈಯಲ್ಲಿ ಅಸ್ಸಾಮಿನ ಕೊಕ್ರಜಾರ್ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ಬೋಡೋ ಮತ್ತು ಮುಸ್ಲಿಮರ ನಡುವೆ ಹಿಂಸಾಚಾರ ನಡೆದು ನಾಲ್ಕು ಲಕ್ಷಕ್ಕೂ ಅಧಿಕ ಮಂದಿ ಪರಿಹಾರ ಶಿಬಿರಗಳ ಪಾಲಾದರು. ಆಗಸ್ಟ್ 11ರಂದು ಮುಂಬೈಯ ಆಝಾದ್ ಮೈದಾನದಲ್ಲಿ ಅಸ್ಸಾಮ್ ಮತ್ತು ಮ್ಯಾನ್ಮಾರ್ ಘಟನೆಗಳನ್ನು ಖಂಡಿಸಿ ಸೇರಿದ ಸಭೆ ಗಲಭೆಯಾಗಿ ತಿರುಗಿತು. ಇಬ್ಬರು ಸತ್ತರು, ಹುತಾತ್ಮ ಯೋಧರ ಸ್ಮಾರಕಕ್ಕೆ ಹಾನಿಯಾಯಿತು. ಅದೇ ವಾರ ಮೈಸೂರಿನಲ್ಲಿ ಟಿಬೆಟನ್ ಯುವಕನೊಬ್ಬನಿಗೆ ಚೂರಿ ಇರಿತವಾಯಿತು. ರಮಝಾನ್ ಮುಗಿದೊಡನೆ ಮುಸ್ಲಿಮರು ಈಶಾನ್ಯ ರಾಜ್ಯಗಳವರ ಮೇಲೆ ಎರಗುತ್ತಾರೆಂಬ ವದಂತಿ ಎಸ್ಸೆಮ್ಮೆಸ್‌ಗಳ ಮೂಲಕ ಬೆಂಗಳೂರಿನಲ್ಲಿ ಹಬ್ಬಿತು. ಹೋಟೆಲುಗಳಲ್ಲಿ, ಭದ್ರತಾ ಸಿಬ್ಬಂದಿಯಾಗಿ, ಬ್ಯೂಟಿ ಪಾರ್ಲರುಗಳಲ್ಲಿ ದುಡಿಯುತ್ತಿದ್ದ ಸಾವಿರಾರು ಯುವಕ ಯುವತಿಯರು ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಸಾಮೂಹಿಕ ಎಸ್ಸೆಮ್ಮೆಸ್‌ಗಳನ್ನು ಕೇಂದ್ರ ಸರಕಾರ ಹದಿನೈದು ದಿನಗಳ ಕಾಲ ನಿರ್ಬಂಧಿಸಿತು. ಬೆಂಗಳೂರಿನ ಮುಸ್ಲಿಮ್ ಸಂಘಟನೆಗಳು ಈಶಾನ್ಯದವರಿಗೆ ಅಭಯ ನೀಡಿದವು ನಿಜ, ಆದರೆ ಆ ವೇಳೆಗೆ ರೈಲುಗಳು ತುಂಬಿ ಹೊರಟಿದ್ದವು.

ಬೆಂಗಳೂರಿನ ಆ ಎಸ್ಸೆಮ್ಮೆಸ್‌ಗಳಲ್ಲಿ ಖಳನಾಯಕನ ಪಾತ್ರ ಮುಸ್ಲಿಮನದ್ದಾಗಿತ್ತು. ಅಂದರೆ ಒಂದು ತಿಂಗಳ ಹಿಂದೆ ಭಿಕ್ಷುಗಳ ಮೇಲೆ ಹೊರಿಸಿದಂಥದ್ದೇ ಸುಳ್ಳು ಬೇರೆಯವರ ಕೈಸೇರಿ ನಮ್ಮ ಮೇಲೆ ಬಂದೆರಗಿತ್ತು. ಬೈಲಕುಪ್ಪೆಯಲ್ಲಿಯೂ ಮುಂಡಗೋಡದಲ್ಲಿಯೂ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರು ಸ್ವತಃ ನಿರಾಶ್ರಿತರು. ರೋಹಿಂಗ್ಯಾ ನಿರಾಶ್ರಿತರ ಮೇಲಿನ ಪ್ರೀತಿಯ ಹೆಸರಲ್ಲಿ ಇನ್ನೊಂದು ನಿರಾಶ್ರಿತ ಜನಾಂಗಕ್ಕೆ ಕೊಲೆಗಡುಕರೆಂಬ ಹಣೆಪಟ್ಟಿ ಹಚ್ಚಲಾಯಿತು. ಇದು ಯಾವ ನ್ಯಾಯ?

'ಚಿತ್ರ ಬೇರೆಯದಿರಬಹುದು, ದೌರ್ಜನ್ಯವಂತೂ ಸತ್ಯವಲ್ಲವೇ? ಸತ್ಯ ಸಂಗತಿಗೆ ಒಂದು ತಪ್ಪು ಚಿತ್ರ ಅಂಟಿಕೊಂಡರೆ ಏನು ನಷ್ಟ?' ಎಂದು ಕೇಳುವವರಿದ್ದಾರೆ. ಸಮುದಾಯದ ವಿದ್ಯಾವಂತರಲ್ಲಿಯೂ ಈ ಮಾತು ಕೇಳಿಬರುತ್ತದೆ. ಇದಕ್ಕೆ ಉತ್ತರ 2017ರಲ್ಲಿ ದೊರೆಯಿತು. ಆ ವರ್ಷದ ಆಗಸ್ಟ್ 25ರ ನಂತರ ಮ್ಯಾನ್ಮಾರ್ ಸೇನೆ ನಡೆಸಿದ ಕಾರ್ಯಾಚರಣೆಯಿಂದ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯನ್ನರು ನಾಫ್ ನದಿ ದಾಟಿ ಬಾಂಗ್ಲಾದೇಶಕ್ಕೆ ಓಡಿದರು. ವಿಶ್ವಸಂಸ್ಥೆಯ ಸತ್ಯಶೋಧನಾ ಸಮಿತಿಯ ಪ್ರಕಾರ 392 ಗ್ರಾಮಗಳು ಭಾಗಶಃ ಅಥವಾ ಪೂರ್ಣವಾಗಿ ನಾಶವಾಗಿದ್ದವು. ಇಂತಹ ಹೊತ್ತಿನಲ್ಲಿ ಟರ್ಕಿಯ ಉಪಪ್ರಧಾನಿ ಮೆಹ್ಮತ್ ಶಿಮ್ಶೆಕ್ ಕೆಲವು ಘೋರ ಚಿತ್ರಗಳನ್ನು ಹಂಚಿಕೊಂಡರು. ಅವು ರಾಖೈನ್‌ನವಲ್ಲವೆಂದು ಬೇಗನೇ ಬಯಲಾಯಿತು. ಅವರು ಅಳಿಸಿಹಾಕಿದರು. ಆದರೆ ಆಂಗ್ ಸಾನ್ ಸೂ ಕಿಗೆ ಬೇಕಾಗಿದ್ದುದು ಅಷ್ಟೇ. ಅದು ತಪ್ಪು ಮಾಹಿತಿಯ ಬೃಹತ್ ಮಂಜುಗಡ್ಡೆಯ ತುದಿ ಮಾತ್ರವೆಂದು ಅವರು ಟರ್ಕಿಯ ಅಧ್ಯಕ್ಷರೊಂದಿಗೆ ದೂರವಾಣಿಯಲ್ಲಿ ಮಾತನಾಡಿದ ಸಂದರ್ಭದಲ್ಲಿ ಹೇಳಿಬಿಟ್ಟರು. ಸುಟ್ಟ ಗ್ರಾಮಗಳ ಬಗ್ಗೆ ಉತ್ತರಿಸಬೇಕಾಗಿದ್ದ ಆಡಳಿತಗಾರ್ತಿಗೆ ನಾಲ್ಕು ಚಿತ್ರಗಳ ಬಗ್ಗೆ ಮಾತನಾಡುವ ಅವಕಾಶವನ್ನು ರೋಹಿಂಗ್ಯನ್ನರ ಮಿತ್ರರೇ ಒದಗಿಸಿಕೊಟ್ಟಿದ್ದರು.

ಸುಳ್ಳು ಚಿತ್ರ ಸೇನೆಯ ಆಯುಧವೂ ಹೌದು. 2018ರ ಜುಲೈಯಲ್ಲಿ ಅದು ಪ್ರಕಟಿಸಿದ ಪುಸ್ತಕದಲ್ಲಿ 'ಬಂಗಾಳಿಗಳು' ಬೌದ್ಧರನ್ನು ಕೊಂದರೆಂದು ತೋರಿಸಲು ಬಳಸಿದ ಚಿತ್ರ 1971ರ ಬಾಂಗ್ಲಾ ವಿಮೋಚನಾ ಯುದ್ಧದ ಕಾಲದ್ದು. ಬಂಗಾಳಿಗಳು ಒಳನುಗ್ಗುತ್ತಿರುವುದೆಂದು ಮುದ್ರಿಸಿದ ಇನ್ನೊಂದು ಚಿತ್ರವಂತೂ 1996ರಲ್ಲಿ ತಾಂಜಾನಿಯಾದಲ್ಲಿ ನಡೆದುಹೋಗುತ್ತಿದ್ದ ರುವಾಂಡಾದ ನಿರಾಶ್ರಿತರದ್ದು. ರಾಯ್ಟರ್ಸ್ ಸುದ್ದಿಸಂಸ್ಥೆ ಇದನ್ನು ಹೊರಗೆಡವಿದಾಗ ಸೇನೆ ಸೆಪ್ಟೆಂಬರ್‌ನಲ್ಲಿ ಕ್ಷಮೆ ಕೋರಬೇಕಾಯಿತು. ಒಂದು ಖಂಡದ ನಿರಾಶ್ರಿತನ ಬೆನ್ನನ್ನು ಕತ್ತರಿಸಿ ಇನ್ನೊಂದು ಖಂಡದ ನಿರಾಶ್ರಿತನ ವಿರುದ್ಧ ಪುರಾವೆಯಾಗಿ ಅಂಟಿಸುವ ಈ ವಿದ್ಯೆಯನ್ನು ನಾವು ಖಂಡಿಸುತ್ತೇವೆ. ಖಂಡಿಸುವ ಅರ್ಹತೆ ನಮಗಿರಬೇಕಾದರೆ ನಮ್ಮ ಕೈ ಮೊದಲು ಶುದ್ಧವಾಗಿರಬೇಡವೇ?

ಒಂದೇ ಒಂದು ಸತ್ಯವಾದ ಚಿತ್ರ ಏನು ಮಾಡಬಲ್ಲದೆಂಬುದಕ್ಕೂ ಅದೇ ದೇಶದಲ್ಲಿ ನಿದರ್ಶನವಿದೆ. ಇನ್ ದಿನ್ ಎಂಬ ಗ್ರಾಮದಲ್ಲಿ 2017ರ ಸೆಪ್ಟೆಂಬರ್ 2ರಂದು ಹತ್ತು ಮಂದಿ ರೋಹಿಂಗ್ಯನ್ನರನ್ನು ಕೊಂದು ಒಂದೇ ಗುಂಡಿಗೆ ತಳ್ಳಲಾಯಿತು. ಸಾಯುವ ಮುನ್ನ ಕೈ ಕಟ್ಟಿ ಅವರನ್ನು ಮೊಣಕಾಲೂರಿಸಿದ ಚಿತ್ರ ರಾಯ್ಟರ್ಸ್‌ನ ಪತ್ರಕರ್ತರಿಗೆ ದೊರೆಯಿತು. ಕೊಟ್ಟವನು ಗ್ರಾಮದ ಬೌದ್ಧ ಹಿರಿಯ. ಆ ವರದಿಗಾಗಿ ದುಡಿದ ವಾ ಲೋನ್ ಮತ್ತು ಕ್ಯಾವ್ ಸೋ ಊ ಇಬ್ಬರೂ ಬೌದ್ಧರು. 2017ರ ಡಿಸೆಂಬರ್‌ನಲ್ಲಿ ಅವರನ್ನು ಬಂಧಿಸಲಾಯಿತು, ಏಳು ವರ್ಷಗಳ ಶಿಕ್ಷೆಯಾಯಿತು, 2019ರ ಮೇಯಲ್ಲಿ ಕ್ಷಮಾದಾನದ ಮೇಲೆ ಹೊರಬಂದರು. ಅವರು ಸತ್ತ ಹತ್ತೂ ಮಂದಿಯ ಹೆಸರು, ಕಸುಬುಗಳನ್ನು ಕುಟುಂಬದವರಿಂದ ಖಚಿತಪಡಿಸಿಕೊಂಡಿದ್ದರು. ಸತತವಾಗಿ ನಿರಾಕರಿಸುತ್ತ ಬಂದಿದ್ದ ಸೇನೆ ಈ ಒಂದು ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಿತು. ಏಳು ಸೈನಿಕರಿಗೆ ಹತ್ತು ವರ್ಷಗಳ ಶಿಕ್ಷೆ ವಿಧಿಸಿತು. ಆ ಸೈನಿಕರು ಒಂದು ವರ್ಷ ತುಂಬುವುದರೊಳಗೇ ಬಿಡುಗಡೆಯಾದರು. ಕೊಂದವರಿಗಿಂತ ಹೆಚ್ಚು ಕಾಲ ಬರೆದವರು ಸೆರೆಮನೆಯಲ್ಲಿದ್ದರೆಂಬುದು ಆ ದೇಶದ ನ್ಯಾಯದ ಅಳತೆ. ಆದರೂ ಹತ್ತು ಮಂದಿ ಕೊಲೆಯಾದುದನ್ನು ಇಂದು ಯಾರೂ ಅಲ್ಲಗಳೆಯಲಾರರು.

ಪತ್ರಕರ್ತರ ಮಾತು ಹಾಗಿರಲಿ. ಕಾಕ್ಸ್ ಬಝಾರ್‌ನ ಕುಟುಪಾಲಾಂಗ್ ಶಿಬಿರದಲ್ಲಿ ಬಿದಿರು ಮತ್ತು ತಾಡಪಾಲಿನ ಗುಡಿಸಲಿನಲ್ಲಿ ವಾಸವಾಗಿದ್ದ ಮುಹಿಬುಲ್ಲಾ ಎಂಬ ಶಿಕ್ಷಕನ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡೋಣ. ಊರು, ಮನೆ ಎಲ್ಲವನ್ನೂ ಕಳೆದುಕೊಂಡು ಬಂದವನು ಮೊದಲು ಏನು ಮಾಡುತ್ತಾನೆ? ಅಕ್ಕಿ ಹುಡುಕುತ್ತಾನೆ, ಸೌದೆ ಹುಡುಕುತ್ತಾನೆ. ಮುಹಿಬುಲ್ಲಾ ಮತ್ತು ಅವರ ಸಂಗಡಿಗರು ಅದರ ಜೊತೆಗೆ ಕಾಗದ ಪೆನ್ನುಗಳನ್ನೂ ಹುಡುಕಿದರು. ಗುಡಿಸಲಿನಿಂದ ಗುಡಿಸಲಿಗೆ ಹೋಗಿ ಬರೆದುಕೊಂಡರು. ಸತ್ತವನ ಹೆಸರು, ವಯಸ್ಸು, ತಂದೆಯ ಹೆಸರು, ಮ್ಯಾನ್ಮಾರ್‌ನಲ್ಲಿದ್ದ ವಿಳಾಸ, ಸತ್ತ ಬಗೆ. ಗುಂಡೇಟಿನಿಂದಲೋ, ಬೆಂಕಿಯಿಂದಲೋ, ನೀರಿನಲ್ಲಿ ಮುಳುಗಿಯೋ? ಹೀಗೆ ಹತ್ತು ಸಾವಿರಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಸಿದ್ಧವಾಯಿತು.

ತಂದೆಯ ಹೆಸರನ್ನು ಯಾಕೆ ಬರೆದುಕೊಂಡರು? ಹದೀಸ್ ಶಾಸ್ತ್ರದ ಅಲ್ಪ ಪರಿಚಯವಿರುವವರಿಗೂ ಇದು ಅರ್ಥವಾದೀತು. ಒಂದೇ ಹೆಸರಿನ ಇಬ್ಬರನ್ನು ಬೆರೆಸದಿರಲು, ಒಬ್ಬನನ್ನು ಎರಡು ಬಾರಿ ಎಣಿಸದಿರಲು. ಇಮಾಮ್ ಬುಖಾರಿಯವರು(ರ) ಒಂದು ಮಾತನ್ನು ಸ್ವೀಕರಿಸುವ ಮೊದಲು ಅದನ್ನು ಹೇಳಿದವನಾರು, ಅವನು ಯಾರಿಂದ ಕೇಳಿದ, ಅವರಿಬ್ಬರೂ ಭೇಟಿಯಾಗಿದ್ದರೇ ಎಂದೆಲ್ಲ ಶೋಧಿಸುತ್ತಿದ್ದರು. ಅಂತಹ ಪರಂಪರೆಯ ವಾರಸುದಾರರಾದ ನಾವು ಇಂದು ಎಲ್ಲಿಂದ ಬಂತೆಂದು ತಿಳಿಯದ ವೀಡಿಯೋವನ್ನು ಕಣ್ಣೆವೆಯಿಕ್ಕುವುದರೊಳಗೆ ಮುಂದಕ್ಕೆ ದಾಟಿಸುತ್ತೇವೆ. ಸುದ್ದಿಯೊಂದು ಬಂದಾಗ ಪರಿಶೀಲಿಸಿ, ಇಲ್ಲವಾದರೆ ಅಜ್ಞಾನದಿಂದ ಒಂದು ಜನಾಂಗಕ್ಕೆ ಹಾನಿಯೆಸಗಿ ಪಶ್ಚಾತ್ತಾಪಪಡುವಿರೆಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ಎಚ್ಚರಿಸುತ್ತದೆ. ಅದನ್ನು ಪಠಿಸುವಾಗ ತಲೆದೂಗುವ ನಮಗೆ 2012ರ ಆಗಸ್ಟ್ ನೆನಪಾಗುವುದಿಲ್ಲ.

ಮುಹಿಬುಲ್ಲಾರ ಪಟ್ಟಿಗೆ ಇನ್ನೊಂದು ಮಹತ್ವವಿದೆ. ರೋಹಿಂಗ್ಯನ್ನರಿಂದ ಮೊದಲು ಕಿತ್ತುಕೊಂಡದ್ದು ಅವರ ಹೆಸರನ್ನು. 1982ರ ಪೌರತ್ವ ಕಾನೂನಿನಡಿ ಅಂಗೀಕೃತ ಜನಾಂಗಗಳಲ್ಲಿ ಅವರಿಲ್ಲ. 2014ರ ಜನಗಣತಿಯಲ್ಲಿ ತಮ್ಮನ್ನು ರೋಹಿಂಗ್ಯನ್ನರೆಂದು ಬರೆಸಲು ಬಯಸಿದವರನ್ನು ಎಣಿಸಲೇ ಇಲ್ಲ. 2019ರ ಡಿಸೆಂಬರ್‌ನಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ತನ್ನ ದೇಶದ ಪರವಾಗಿ ವಾದಿಸಿದ ಸೂ ಕಿ, ಒಂದು ಸಶಸ್ತ್ರ ಗುಂಪಿನ ಹೆಸರನ್ನು ಹೇಳುವಾಗಲ್ಲದೆ ರೋಹಿಂಗ್ಯಾ ಎಂಬ ಪದವನ್ನು ಉಚ್ಚರಿಸಲಿಲ್ಲ. (ಯಾವ ಸೇನೆಯ ಪರವಾಗಿ ಅವರು ಅಲ್ಲಿ ನಿಂತರೋ ಅದೇ ಸೇನೆ 2021ರ ಫೆಬ್ರವರಿಯಲ್ಲಿ ಅವರನ್ನು ಕೆಳಗಿಳಿಸಿ ಸೆರೆಗೆ ತಳ್ಳಿತು.) ಬದುಕಿದ್ದಾಗ ಸರಕಾರ ಬರೆದುಕೊಳ್ಳದ ಹೆಸರುಗಳನ್ನು ಸತ್ತ ಮೇಲೆ ಒಬ್ಬ ನಿರಾಶ್ರಿತ ಶಿಕ್ಷಕ ಬರೆದುಕೊಂಡ.

2021ರ ಸೆಪ್ಟೆಂಬರ್ 29ರ ರಾತ್ರಿ ಅದೇ ಶಿಬಿರದಲ್ಲಿ ಬಂದೂಕುಧಾರಿಗಳು ಮುಹಿಬುಲ್ಲಾರನ್ನು ಕೊಂದರು. ರೋಹಿಂಗ್ಯನ್ನರ ಹೆಸರಲ್ಲೇ ಆಯುಧ ಹಿಡಿದ ಅರ್ಸಾ ಗುಂಪಿನ ಕೆಲಸವಿದೆಂದು ಅವರ ಸಹೋದರ ಆರೋಪಿಸಿದರು, ಗುಂಪು ನಿರಾಕರಿಸಿತು. 2017ರ ಆಗಸ್ಟ್‌ನಲ್ಲಿ ರಾಖೈನ್‌ನ ಹಿಂದೂ ಗ್ರಾಮಸ್ಥರನ್ನು ಇದೇ ಗುಂಪು ಕೊಂದಿತೆಂದೂ ಸತ್ತವರ ಸಂಖ್ಯೆ 99ರಷ್ಟಿರಬಹುದೆಂದೂ ಆಮ್ನೆಸ್ಟಿ ಇಂಟರ್‌ನ್ಯಾಷನಲ್ 2018ರಲ್ಲಿ ವರದಿ ಮಾಡಿದೆ. ಅದನ್ನೂ ಆ ಗುಂಪು ನಿರಾಕರಿಸಿತ್ತು. ನಮ್ಮ ಪೈಕಿ ರೋಹಿಂಗ್ಯನ್ನರ ಬಗ್ಗೆ ಮಾತನಾಡುವವರು ಈ ವರದಿಯನ್ನು ಉಲ್ಲೇಖಿಸುವುದು ಬಲು ವಿರಳ. ಉಲ್ಲೇಖಿಸಬೇಕು. ಇಲ್ಲದಿದ್ದರೆ ಅದನ್ನು ಮಾತ್ರ ಎತ್ತಿ ತೋರಿಸಿ ಏಳು ಲಕ್ಷ ಮಂದಿಯ ಸಂಕಟವನ್ನು ಮುಚ್ಚಿಹಾಕುವವರ ಬಾಯಿಗೆ ಅದು ಹೋಗುತ್ತದೆ. ಸ್ವತಃ ನಮ್ಮ ವಿರುದ್ಧವಾದರೂ ಸಾಕ್ಷ್ಯ ನುಡಿಯಬೇಕೆಂಬ ಆದೇಶ ಇತರರಿಗಾಗಿ ಇಳಿದುಬಂದುದಲ್ಲ.

ಇಸ್ಲಾಮೀ ಚರಿತ್ರೆಯ ಮೊದಲ ನಿರಾಶ್ರಿತರ ಪ್ರಸಂಗವೂ ವಾಸ್ತವದಲ್ಲಿ ಮಾಹಿತಿಯ ಕುರಿತಾದ ಪ್ರಸಂಗವೇ. ಮಕ್ಕಾದ ದೌರ್ಜನ್ಯ ತಾಳಲಾರದೆ ಪ್ರವಾದಿವರ್ಯರ(ಸ) ಅನುಮತಿಯೊಂದಿಗೆ ಮುಸ್ಲಿಮರ ತಂಡಗಳು ಅಬಿಸೀನಿಯಾಕ್ಕೆ ವಲಸೆ ಹೋದವು. ಅವರನ್ನು ಮರಳಿ ತರಲು ಕುರೈಶರು ಅಮ್ರ್ ಬಿನ್ ಆಸ್ ಮತ್ತು ಅಬ್ದುಲ್ಲಾ ಬಿನ್ ಅಬೀ ರಬೀಅರನ್ನು ಕಳುಹಿಸಿದರು. ಅವರು ಮೊದಲು ಸಂಧಿಸಿದ್ದು ದೊರೆಯನ್ನಲ್ಲ, ಆತನ ಸಲಹೆಗಾರರನ್ನು. ಒಬ್ಬೊಬ್ಬರಿಗೂ ಉಡುಗೊರೆ ಕೊಟ್ಟು ಒಂದೇ ಒಂದು ಕೋರಿಕೆ ಮುಂದಿಟ್ಟರು: ಈ ಪಲಾಯನಗೈದವರ ಮಾತನ್ನು ಕೇಳದೆಯೇ ಅವರನ್ನು ನಮಗೊಪ್ಪಿಸುವಂತೆ ದೊರೆಗೆ ಸಲಹೆ ನೀಡಿರಿ. ದಬ್ಬಾಳಿಕೆ ನಡೆಸುವವನಿಗೆ ನಿರಾಶ್ರಿತನ ಕೈಯಲ್ಲಿರುವ ಖಡ್ಗದ ಭಯವಿಲ್ಲ, ಖಡ್ಗ ಅವನಲ್ಲಿಲ್ಲ. ಅವನ ಬಾಯಿಯ ಭಯವಿದೆ.

ಕ್ರೈಸ್ತನಾಗಿದ್ದ ನಜಾಶಿ ದೊರೆ ಒಪ್ಪಲಿಲ್ಲ. ತನ್ನ ಆಶ್ರಯ ಬಯಸಿ ಬಂದವರನ್ನು ಕೇಳದೆ ಒಪ್ಪಿಸಲಾರೆನೆಂದು ಅವರನ್ನು ಕರೆಸಿದ. ಹಝ್ರತ್ ಜಅಫರ್ ಬಿನ್ ಅಬೀ ತಾಲಿಬ್(ರ) ಎದ್ದುನಿಂತು ತಮ್ಮ ಹಿಂದಿನ ಬದುಕು ಹೇಗಿತ್ತು, ಪ್ರವಾದಿ(ಸ) ಏನನ್ನು ಬೋಧಿಸಿದರು, ಅದಕ್ಕಾಗಿ ಏನನ್ನು ಅನುಭವಿಸಿದೆವೆಂದು ವಿವರಿಸಿದರು. ಮರುದಿನ ಅಮ್ರ್ ಹೊಸ ಬಾಣ ಬಿಟ್ಟರು. ಇವರು ಮರ್ಯಮರ ಪುತ್ರ ಈಸಾರ(ಅ) ಬಗ್ಗೆ ಘೋರ ಮಾತನ್ನಾಡುತ್ತಾರೆಂದು ದೊರೆಯ ಕಿವಿಯೂದಿದರು. ನಿರಾಶ್ರಿತರು ಸಮಾಲೋಚನೆ ನಡೆಸಿದರು. ದೊರೆಗೆ ಪ್ರಿಯವಾಗುವಂತೆ ಮಾತನ್ನು ತುಸು ತಿರುಚಿದ್ದರೆ ಪ್ರಾಣ ಉಳಿಯುವ ಸಾಧ್ಯತೆ ಹೆಚ್ಚಿತ್ತು. ಏನೇ ಬಂದರೂ ಅಲ್ಲಾಹನು ಮತ್ತು ಪ್ರವಾದಿ(ಸ) ಕಲಿಸಿದ್ದನ್ನೇ ಹೇಳುವುದೆಂದು ಅವರು ನಿರ್ಧರಿಸಿದರು, ಹಾಗೆಯೇ ಹೇಳಿದರು. ಕುರೈಶರ ಉಡುಗೊರೆಗಳು ಹಿಂದಿರುಗಿದವು.

ಈ ವೃತ್ತಾಂತ ನಮಗೆ ತಿಳಿದಿರುವುದು ಯಾರಿಂದ? ಹಝ್ರತ್ ಉಮ್ಮು ಸಲಮಾರಿಂದ(ರ). ಅವರು ಆ ವಲಸಿಗರ ತಂಡದಲ್ಲಿದ್ದ ಮಹಿಳೆ, ಆಮೇಲೆ ಸತ್ಯವಿಶ್ವಾಸಿಗಳ ಮಾತೆಯಾದವರು. ಅಂದಿನ ಆಸ್ಥಾನದ ದಾಖಲೆಯಿಂದಲ್ಲ, ಕುರೈಶರ ಬಾಯಿಯಿಂದಲೂ ಅಲ್ಲ, ಒಬ್ಬ ನಿರಾಶ್ರಿತೆಯ ಬಾಯಿಯಿಂದ ವರದಿಗಾರರ ಸರಪಳಿಯೊಡನೆ ಅದು ನಮ್ಮನ್ನು ತಲುಪಿದೆ.

ಈಗ ನಮ್ಮ ಪಟ್ಟಣಗಳ ಮಾತು. ರಮಝಾನ್ ಬಂತೆಂದರೆ ನಿರಾಶ್ರಿತರ ಹೆಸರಲ್ಲಿ ಧನಸಂಗ್ರಹದ ಭಿತ್ತಿಪತ್ರಗಳು ಬರುತ್ತವೆ. ಅಳುವ ಮಗುವಿನ ಮುಖ, ಗಾಯಗೊಂಡ ತಾಯಿಯ ಮುಖ. ಆ ತಾಯಿಯ ಒಪ್ಪಿಗೆ ಕೇಳಿದವರಾರು? ಅವಳ ಅಣ್ಣನೋ ತಂದೆಯೋ ಇನ್ನೂ ರಾಖೈನ್‌ನಲ್ಲಿದ್ದರೆ ಈ ಚಿತ್ರ ಅವರಿಗೆ ತರಬಹುದಾದ ಅಪಾಯದ ಬಗ್ಗೆ ಯೋಚಿಸಿದವರಾರು? ನಮ್ಮ ಮನೆಯ ಹೆಣ್ಣುಮಗಳ ಭಾವಚಿತ್ರ ಗೋಡೆಗಳ ಮೇಲೆ ಅಂಟಿದರೆ ನಾವು ಸಹಿಸುತ್ತೇವೆಯೇ? ಝಕಾತ್ ಪಡೆಯುವವನ ಮಾನವನ್ನು ಕಾಯಬೇಕೆಂದು ಖುತ್ಬಾಗಳಲ್ಲಿ ಕೇಳುವ ನಾವು, ಝಕಾತ್ ಸಂಗ್ರಹಕ್ಕಾಗಿಯೇ ಅವನ ಮಾನವನ್ನು ಬೀದಿಗಿಡುತ್ತೇವೆ.

ಮಾಹಿತಿಯನ್ನು ದೊಡ್ಡ ಸಂಸ್ಥೆಗಳು ಸಂಗ್ರಹಿಸಿದಾಗಲೂ ಅಪಾಯವಿದ್ದೇ ಇದೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಬಾಂಗ್ಲಾದೇಶದೊಂದಿಗೆ ಸೇರಿ ಕಲೆಹಾಕಿದ ರೋಹಿಂಗ್ಯನ್ನರ ವಿವರಗಳು ಮ್ಯಾನ್ಮಾರ್ ಸರಕಾರದ ಕೈಸೇರಿವೆಯೆಂದೂ ಇದಕ್ಕೆ ನಿರಾಶ್ರಿತರ ತಿಳಿವಳಿಕೆಯ ಸಮ್ಮತಿ ಇರಲಿಲ್ಲವೆಂದೂ ಹ್ಯೂಮನ್ ರೈಟ್ಸ್ ವಾಚ್ 2021ರ ಜೂನ್‌ನಲ್ಲಿ ಆರೋಪಿಸಿತು. ಸಮ್ಮತಿ ಪಡೆದೇ ಹಂಚಲಾಗಿದೆಯೆಂಬುದು ಆ ಸಂಸ್ಥೆಯ ವಾದ. ಯಾರಿಂದ ಜೀವ ಉಳಿಸಿಕೊಳ್ಳಲು ಓಡಿಬಂದರೋ ಅವರ ಮೇಜಿನ ಮೇಲೆಯೇ ಓಡಿಬಂದವರ ಪಟ್ಟಿ! ಇನ್ನೊಂದೆಡೆ, 2019ರ ಸೆಪ್ಟೆಂಬರ್‌ನಿಂದ ಸುಮಾರು ಒಂದು ವರ್ಷ ಕಾಲ ಬಾಂಗ್ಲಾದೇಶ ಸರಕಾರ ಶಿಬಿರಗಳಲ್ಲಿ ಮೊಬೈಲ್ ಇಂಟರ್‌ನೆಟ್ಟನ್ನು ನಿರ್ಬಂಧಿಸಿತ್ತು. ಜಗತ್ತು ಅವರ ಬಗ್ಗೆ ಏನನ್ನೂ ಮಾತನಾಡಬಹುದಿತ್ತು, ಅವರು ಮಾತ್ರ ಜಗತ್ತಿನೊಡನೆ ಮಾತನಾಡುವಂತಿರಲಿಲ್ಲ.

ನಮ್ಮ ದೇಶ 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. 1996ರಲ್ಲಿ ಅರುಣಾಚಲದ ಚಕ್ಮಾ ಬೌದ್ಧರ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟು, ಜೀವಿಸುವ ಹಕ್ಕು ನಾಗರಿಕರಿಗಷ್ಟೇ ಅಲ್ಲ ಎಲ್ಲರಿಗೂ ಇದೆಯೆಂದಿತು. 2021ರ ಎಪ್ರಿಲ್‌ನಲ್ಲಿ ಜಮ್ಮುವಿನ ರೋಹಿಂಗ್ಯನ್ನರ ಅರ್ಜಿಯ ಮೇಲೆ ಅದೇ ನ್ಯಾಯಾಲಯ, ಗಡೀಪಾರಾಗದಿರುವ ಹಕ್ಕು ನಾಗರಿಕರಿಗೆ ಮಾತ್ರವೆಂದೂ ಆದರೆ ನಿಗದಿತ ವಿಧಾನವನ್ನು ಅನುಸರಿಸದೆ ಅವರನ್ನು ಗಡೀಪಾರು ಮಾಡುವಂತಿಲ್ಲವೆಂದೂ ಹೇಳಿತು. ನಿಗದಿತ ವಿಧಾನವೆಂದರೆ ಕಾಗದಪತ್ರ. ಎಲ್ಲಿಂದ ಬಂದೆ, ಯಾವಾಗ ಬಂದೆ, ಯಾಕೆ ಬಂದೆ ಎಂಬ ಪ್ರಶ್ನೆಗೆ ಒಂದೇ ತೆರನಾದ, ನಿಖರವಾದ ಉತ್ತರ. 2018ರ ಎಪ್ರಿಲ್‌ನಲ್ಲಿ ದಿಲ್ಲಿಯ ಕಾಲಿಂದಿ ಕುಂಜ್ ಬಳಿಯ ರೋಹಿಂಗ್ಯಾ ಬಿಡಾರಗಳಿಗೆ ಬೆಂಕಿ ಬಿದ್ದಾಗ ಸುಟ್ಟದ್ದು ಬಟ್ಟೆಬರೆ ಮಾತ್ರವಲ್ಲ, ನಿರಾಶ್ರಿತರ ಗುರುತಿನ ಚೀಟಿಗಳೂ ಸುಟ್ಟುಹೋದವು. ಬಟ್ಟೆ ಕೊಡಲು ಜನ ಧಾವಿಸಿದರು, ಒಳ್ಳೆಯದು. ಆದರೆ ಆ ಚೀಟಿಗಳ ಪ್ರತಿಗಳನ್ನು ಮೊದಲೇ ತೆಗೆದು ಬೇರೊಂದು ಕಡೆ ಭದ್ರವಾಗಿಡುವುದು ಬಟ್ಟೆ ಕೊಟ್ಟಷ್ಟೇ ಪುಣ್ಯದ ಕೆಲಸವಾಗುತ್ತಿತ್ತು.

2021ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸರಕಾರ ಸುಪ್ರೀಮ್ ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ ಬೆಂಗಳೂರು ನಗರದಲ್ಲಿ 72 ಮಂದಿ ರೋಹಿಂಗ್ಯನ್ನರನ್ನು ಗುರುತಿಸಲಾಗಿದೆಯೆಂದೂ, ಅವರು ವಿವಿಧ ಕಡೆ ದುಡಿಯುತ್ತಿದ್ದಾರೆಂದೂ, ಅವರನ್ನು ಕೂಡಲೇ ಗಡೀಪಾರು ಮಾಡುವ ಯೋಜನೆಯಿಲ್ಲವೆಂದೂ ಹೇಳಿತ್ತು. ಕೆಲವೇ ದಿನಗಳಲ್ಲಿ ಅದನ್ನು ಬದಲಿಸಿ, ನ್ಯಾಯಾಲಯ ಯಾವ ಆದೇಶ ನೀಡಿದರೂ ಪಾಲಿಸುವುದಾಗಿ ಪರಿಷ್ಕೃತ ಪ್ರಮಾಣಪತ್ರ ಸಲ್ಲಿಸಿತು. ಎರಡು ಪ್ರಮಾಣಪತ್ರಗಳ ನಡುವೆ ಆ 72 ಮಂದಿ ಏನೂ ಮಾಡಿರಲಿಲ್ಲ, ಅವರ ಬಗ್ಗೆ ಟಿ.ವಿ. ಚಾನೆಲುಗಳಲ್ಲಿ ಲಕ್ಷ ಲಕ್ಷಗಳ ಲೆಕ್ಕ ಹೇಳುತ್ತಿದ್ದವರ ಸದ್ದು ಮಾತ್ರ ಇತ್ತು. ಆ ಸದ್ದಿಗೆ ಇದಿರಾಗಿ ಇಡಲು ನಮ್ಮ ಬಳಿ ಏನಿತ್ತು? ಟರ್ಕಿಯಿಂದಲೋ ಟಿಬೆಟಿನಿಂದಲೋ ಬಂದ ಚಿತ್ರಗಳಿದ್ದವು.

ಬೆಂಗಳೂರಿನಲ್ಲಿ ಮುಸ್ಲಿಮ್ ವಕೀಲರಿದ್ದಾರೆ, ಪದವಿ ಮುಗಿಸಿದ ಹುಡುಗ ಹುಡುಗಿಯರಿದ್ದಾರೆ, ಉರ್ದು ಬಲ್ಲವರು ಸಾಕಷ್ಟಿದ್ದಾರೆ, ಬಂಗಾಳಿ ಬಲ್ಲವರನ್ನೂ ಹುಡುಕಿದರೆ ಸಿಗುತ್ತಾರೆ. ಇವರಲ್ಲಿ ನಾಲ್ಕು ಮಂದಿ ತಿಂಗಳಿಗೆ ಎರಡು ಭಾನುವಾರಗಳನ್ನು ಕೊಡಲಿ. ಗುಡಿಸಲುಗಳಿಗೆ ಹೋಗಿ ಕೂತು, ಒಪ್ಪಿದವರಿಂದ ಮಾತ್ರ, ಅವರ ಗ್ರಾಮದ ಹೆಸರನ್ನೂ ತಂದೆಯ ಹೆಸರನ್ನೂ ಹೊರಟ ದಿನವನ್ನೂ ಅವರು ಹೇಳಿದಂತೆಯೇ ಬರೆದುಕೊಳ್ಳಲಿ. ಬರೆದುದನ್ನು ಅವರಿಗೆ ಓದಿಹೇಳಿ ತಿದ್ದಿಸಿಕೊಳ್ಳಲಿ. ಒಂದು ಪ್ರತಿಯನ್ನು ಅವರಿಗೇ ಕೊಡಲಿ, ಇನ್ನೊಂದು ವಕೀಲರ ಕಪಾಟಿನಲ್ಲಿ ಬೀಗದಡಿಯಿರಲಿ. ಅದರ ಫೋಟೋ ತೆಗೆಯುವುದು ಬೇಡ, ಯಾರ ಮೊಬೈಲಿಗೂ ಕಳುಹಿಸುವುದು ಬೇಡ. ಪೊಲೀಸರು ಬಾಗಿಲು ತಟ್ಟಿದ ದಿನ ಆ ಕಪಾಟನ್ನು ತೆರೆದರೆ ಸಾಕು.